ಹಳೇ ಪಿಕಪ್‌ನ ಆಟೋಮ್ಯಾಟಿಕ್ ಗೇರ್ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿ. ಗೇರ್‌ಬಾಕ್ಸ್ ಬಿಚ್ಚಿಸಲೇಬೇಕಾ?

ಹಳೇ_ಪಿಕಪ್ (ಆಸ್ಟಿನ್, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ 2001ರ ಪಿಕಪ್ ಇದೆ. 5.3 ಲೀಟರ್ ವಿ8 ಎಂಜಿನ್, 4ಎಲ್60-ಇ ಗೇರ್‌ಬಾಕ್ಸ್, ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. 1,87,000 ಮೈಲಿ ಓಡಿದೆ. ನಾಲ್ಕು ವರ್ಷದ ಹಿಂದೆ ತೋಟಕ್ಕೆ ಮಣ್ಣು, ಗೊಬ್ಬರ ತರೋದಕ್ಕೆ ಅಂತ ತಗೊಂಡೆ. ಈಗ ನಮ್ಮ ಕನ್ನಡ ಕೂಟದ ಸ್ಟೇಜ್ ಸಾಮಾನು, ಸ್ಪೀಕರು, ಊಟದ ದೊಡ್ಡ ಪಾತ್ರೆ ಎಲ್ಲ ಇದರಲ್ಲೇ ಹೋಗುತ್ತದೆ.

ಮೂರು ವಾರದಿಂದ ಒಂದು ತೊಂದರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಚೆನ್ನಾಗಿರುತ್ತದೆ. 20 ನಿಮಿಷವೋ ಅರ್ಧ ಗಂಟೆಯೋ ಓಡಿಸಿದ ಮೇಲೆ, ಯಾವಾಗ ಅಂತ ಹೇಳೋಕಾಗಲ್ಲ, ಸಿಗ್ನಲ್‌ನಲ್ಲಿ ನಿಂತು ಹೊರಟರೆ ಗಾಡಿಗೆ ಶಕ್ತಿಯೇ ಇಲ್ಲದ ಹಾಗೆ ತೆವಳುತ್ತದೆ. ಒಮ್ಮೆ ವೇಗ ಹಿಡಿದರೆ ಓಡುತ್ತದೆ, ಆದರೆ ಮುಂದಿನ ಗೇರ್ ಬೀಳೋದೇ ಇಲ್ಲ. ಐ-35ರಲ್ಲಿ 60 ಮೈಲಿ ವೇಗದಲ್ಲಿ ಹೋದರೆ ಯಾವಾಗಲೂ ಆರ್‌ಪಿಎಂ 1,750ರ ಹತ್ತಿರ ಇರುತ್ತಿತ್ತು, ಕೆಟ್ಟಾಗ 2,600 ತೋರಿಸುತ್ತದೆ. ರಿವರ್ಸ್ ಹಾಕಿದರೆ ಧಡ್ ಅಂತ ಹೊಡೆಯುತ್ತದೆ. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ. ಇಲ್ಲಿವರೆಗೆ ಆರು ಸಲ ಹೀಗಾಗಿದೆ.

ಹತ್ತಿರದ ಒಂದು ಶಾಪ್‌ಗೆ ಕೊಟ್ಟಿದ್ದೆ. ಅವರು ಓಡಿಸಿದಾಗ ತೊಂದರೆ ಬರಲೇ ಇಲ್ಲ. ಆದರೂ "ಇಷ್ಟು ಮೈಲಿ ಓಡಿದ ಮೇಲೆ ಇನ್ನೇನು, ಒಳಗಡೆ ಕ್ಲಚ್ ಹೋಗಿದೆ, ಪೂರ್ತಿ ಬಿಚ್ಚಿ ಕಟ್ಟಬೇಕು, 3,200 ಡಾಲರ್" ಅಂದರು. ಗಾಡಿಯ ಕಂಪ್ಯೂಟರಿನಲ್ಲಿ ಏನೋ ಫಾಲ್ಟ್ ಕೋಡ್ ಬಂದಿತ್ತಂತೆ, ಅಳಿಸಿಬಿಟ್ಟಿದ್ದಾರೆ, ಬರೆದುಕೊಂಡಿಲ್ಲ. ಗಾಡಿಯ ಬೆಲೆಯೇ ಅದಕ್ಕಿಂತ ತುಂಬಾ ಜಾಸ್ತಿ ಏನಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವ ಇದೆ, ಅಷ್ಟರೊಳಗೆ ಗಾಡಿ ನಂಬಿಕೆಗೆ ಬರಬೇಕು. ಬಿಚ್ಚಿಸಲಾ, ಬೇಡವಾ?

—

ಗ್ರೀಸ್_ಕೈ (ಮಿಷಿಗನ್)

ಬಿಚ್ಚಿಸಬೇಡಿ ಸರ್. ಈಗಲಂತೂ ಬೇಡ.

ನೀವು ಬರೆದದ್ದರಲ್ಲೇ ಮುಖ್ಯವಾದ ಸುಳಿವು ಇದೆ. ಈ ಗೇರ್‌ಬಾಕ್ಸ್‌ನಲ್ಲಿ ಮೂರನೇ ಗೇರ್ ಅಂದರೆ ನೇರ, ಒಂದಕ್ಕೆ ಒಂದು. ನಾಲ್ಕನೇದು ಸುಮಾರು 0.70. ನಿಮ್ಮ 1,750ನ್ನು 0.70ರಿಂದ ಭಾಗಿಸಿ, 2,500 ಬರುತ್ತದೆ. ನೀವು ನೋಡಿದ್ದು 2,600. ಆ ಉಳಿದ ನೂರು ಯಾಕೆ ಅಂದರೆ ಕೆಟ್ಟ ಸ್ಥಿತಿಯಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗುವುದಿಲ್ಲ, ಸ್ವಲ್ಪ ಹೆಚ್ಚು ತಿರುಗುತ್ತದೆ. ಅಂದರೆ ನಿಮ್ಮ ಗಾಡಿ ಮೂರನೇ ಗೇರಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಓಡುತ್ತಿದೆ. ಕ್ಲಚ್ ಜಾರುತ್ತಿದ್ದರೆ ಲೆಕ್ಕ ಹೀಗೆ ಕೂರುವುದಿಲ್ಲ. ಆಕ್ಸಿಲರೇಟರ್ ಒತ್ತಿದ ಹಾಗೆ ಆರ್‌ಪಿಎಂ ಸುಮ್ನೆ ಮೇಲೆ ಹೋಗುತ್ತಾ, ಗಾಡಿ ಮಾತ್ರ ಹಿಂದೆ ಉಳಿಯುತ್ತಿತ್ತು.

ಮೂರನೇ ಗೇರೇ ಯಾಕೆ? ಈ ಗೇರ್‌ಬಾಕ್ಸ್‌ನಲ್ಲಿ ಎ ಮತ್ತು ಬಿ ಅಂತ ಎರಡು ಶಿಫ್ಟ್ ಸೊಲೆನಾಯ್ಡ್ ಇವೆ, ಅಂದರೆ ಕರೆಂಟಿನಿಂದ ಆಡುವ, ಗೇರ್ ಬದಲಿಸುವ ಸಣ್ಣ ವಾಲ್ವ್. ಎರಡೂ ಆನ್ ಇದ್ದರೆ ಒಂದನೇ ಗೇರ್. ಎ ಆಫ್, ಬಿ ಆನ್ ಆದರೆ ಎರಡನೇದು. ಎರಡೂ ಆಫ್ ಆದರೆ ಮೂರನೇದು. ಎ ಆನ್, ಬಿ ಆಫ್ ಆದರೆ ನಾಲ್ಕು. ಕರೆಂಟ್ ಪೂರ್ತಿ ಹೋದರೆ ಎರಡೂ ಆಫ್ ತಾನೇ, ಗಾಡಿ ಮೂರರಲ್ಲಿ ನಿಲ್ಲುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳದೆ ಮನೆ ಸೇರಲಿ ಅಂತಲೇ ಹಾಗೆ ಮಾಡಿಟ್ಟಿದ್ದಾರೆ. ಜೊತೆಗೆ ಕಂಪ್ಯೂಟರ್ ಒಳಗಿನ ಆಯಿಲ್ ಒತ್ತಡವನ್ನು ಪೂರ್ತಿ ಏರಿಸುತ್ತದೆ, ಕ್ಲಚ್ ಸುಡದಿರಲಿ ಅಂತ. ನಿಮ್ಮ ರಿವರ್ಸ್ ಧಡ್ ಅನ್ನೋದು ಅದಕ್ಕೇ. ಕೀ ಆಫ್ ಮಾಡಿದರೆ ಕಂಪ್ಯೂಟರ್ ಮತ್ತೆ ಮೊದಲಿಂದ ನೋಡುತ್ತದೆ, ಆ ಹೊತ್ತಿಗೆ ಕರೆಂಟ್ ಬಂದಿದ್ದರೆ ಎಲ್ಲ ಸರಿ.

ಒಳಗಡೆ ಮುರಿದದ್ದು ಹೀಗೆ ಬಂದು ಹೋಗಿ ಮಾಡುವುದಿಲ್ಲ. ಈ ಗೇರ್‌ಬಾಕ್ಸ್‌ನಲ್ಲಿ ಸನ್ ಶೆಲ್ ಅನ್ನುವ ಒಳಗಿನ ಲೋಹದ ಭಾಗ ಮುರಿದರೆ ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. ಮೂರನೇ, ನಾಲ್ಕನೇ ಗೇರ್ ಹಿಡಿಯುವ 3-4 ಕ್ಲಚ್ ಸುಟ್ಟರೆ ಮೂರು ನಾಲ್ಕು ಹೋಗುತ್ತವೆ, ಒಂದು ಎರಡು ಇರುತ್ತವೆ. ಹೋದದ್ದು ಹತ್ತು ನಿಮಿಷ ಬಿಟ್ಟು ವಾಪಸ್ ಬರುವುದಿಲ್ಲ. ನಿಮ್ಮದು ಅದಕ್ಕೆ ಪೂರ್ತಿ ಉಲ್ಟಾ.

ಮೊದಲು ಎರಡು ಕೆಲಸ ಮಾಡಿ. ಆಯಿಲ್ ನೋಡಿ. ಗಾಡಿ ಚೆನ್ನಾಗಿ ಬಿಸಿ ಇರಬೇಕು, ಸಮತಟ್ಟಾದ ಜಾಗ, ಪಾರ್ಕ್‌ನಲ್ಲಿ ಎಂಜಿನ್ ಓಡುತ್ತಿರಬೇಕು, ಆಗ ಡಿಪ್‌ಸ್ಟಿಕ್ ತೆಗೆಯಿರಿ. ಎಂಜಿನ್ ಆಯಿಲ್ ನೋಡುವ ಹಾಗೆ ಆಫ್ ಮಾಡಿ ನೋಡಿದರೆ ತಪ್ಪು ಅಳತೆ ಸಿಗುತ್ತದೆ. ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡಿ, ಮೂಸಿ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ನನ್ನ ಮಾತು ಸ್ವಲ್ಪ ಬದಲಾಗುತ್ತದೆ. ಎರಡನೇದು, ಒಂದು ಕೋಡ್ ಓದುವ ಸ್ಕ್ಯಾನರ್ ತಗೊಳ್ಳಿ. ದುಬಾರಿದು ಬೇಡ. 1996ರಿಂದ ಅಮೆರಿಕದಲ್ಲಿ ಮಾರುವ ಕಾರು, ಪಿಕಪ್‌ಗಳಲ್ಲೆಲ್ಲ ಒಬಿಡಿ-2 (ಗಾಡಿ ತನ್ನ ತೊಂದರೆಯನ್ನು ಕೋಡಿನಲ್ಲಿ ತಿಳಿಸುವ ವ್ಯವಸ್ಥೆ) ಇರಲೇಬೇಕು, ನಿಮ್ಮ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಕಂಪ್ಯೂಟರ್, ಹಾಗಾಗಿ ಸಾದಾ ಸ್ಕ್ಯಾನರೂ ಗೇರ್ ಕೋಡ್ ಓದುತ್ತದೆ. ಮುಂದಿನ ಸಲ ಕೆಟ್ಟಾಗ ಕೀ ಆಫ್ ಮಾಡುವ ಮೊದಲೇ ಓದಿ. ಬಂದ ಎಲ್ಲ ಕೋಡ್ ಬರೆದು ಹಾಕಿ, ಒಂದನ್ನೂ ಬಿಡಬೇಡಿ.

—

ಡಲ್ಲಾಸ್_ಡ್ರೈವರ್

ನನ್ನ ಭಾವನ ಗಾಡಿಯಲ್ಲೂ ಇದೇ ಗೇರ್‌ಬಾಕ್ಸ್, ಹೀಗೇ ಆಗಿತ್ತು. ಚೇಂಬರ್ (ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ಸೊಲೆನಾಯ್ಡ್ ಪೂರ್ತಿ ಸೆಟ್ ಬದಲಾಯಿಸಿದರು, ಸರಿ ಹೋಯಿತು. ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಕೆಳಗಿನಿಂದಲೇ ಆಗುತ್ತದೆ. ಹೇಗಿದ್ದರೂ ಹಳೇ ಗಾಡಿ, ಫಿಲ್ಟರ್ ಆಯಿಲ್ ಜೊತೆಗೆ ಅದನ್ನೂ ಹಾಕಿಸಿಬಿಡಿ. ಶಾಪ್‌ನವರು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಖರ್ಚು.

—

ಹಳೇ_ಪಿಕಪ್ (ಆಸ್ಟಿನ್, ಟೆಕ್ಸಸ್)

ಇಬ್ಬರಿಗೂ ಧನ್ಯವಾದ. ಆಯಿಲ್ ನೋಡಿದೆ, ಅಳತೆ ಸರಿಯಾಗಿದೆ. ಬಣ್ಣ ಕೆಂಪೇ, ಸ್ವಲ್ಪ ಕಂದು ಕಡೆಗಿದೆ ಅಷ್ಟೇ, ಸುಟ್ಟ ವಾಸನೆ ಇಲ್ಲ.

ನಿನ್ನೆ ಸಂಜೆ ಮತ್ತೆ ಕೆಟ್ಟಿತು. ಸ್ಕ್ಯಾನರ್ ಜೊತೆಗೇ ಇತ್ತು. ಎಂಜಿನ್ ಓಡುತ್ತಿರುವಾಗಲೇ ಓದಿದೆ. ಐದು ಕೋಡ್ ಬಂದವು: ಪಿ0740, ಪಿ0753, ಪಿ0758, ಪಿ0785, ಪಿ1860. ಐದೂ ಬೇರೆ ಬೇರೆ ಸೊಲೆನಾಯ್ಡ್ ಅಂತ ತೋರಿಸುತ್ತಿದೆ. ಹಾಗಾದರೆ ಡಲ್ಲಾಸಿನವರು ಹೇಳಿದ ಹಾಗೆ ಪೂರ್ತಿ ಸೆಟ್ ಹಾಕಿಸಲಾ?

ಇನ್ನೊಂದು ವಿಷಯ ನೆನಪಾಯಿತು. ನಿನ್ನೆಯೂ, ಅದರ ಹಿಂದಿನ ಸಲವೂ ರೈಲ್ವೆ ಹಳಿ ದಾಟಿದ ಕೂಡಲೇ ಆಗಿದ್ದು. ಬಿಸಿಗೆ ಆಗುತ್ತದೆ ಅಂತ ಅಂದುಕೊಂಡಿದ್ದೆ. ಈಗ ಅನಿಸುತ್ತಿದೆ, ಜಾಸ್ತಿ ಹೊತ್ತು ಓಡಿಸಿದರೆ ಜಾಸ್ತಿ ಗುಂಡಿ ಸಿಗುತ್ತದೆ, ಅಷ್ಟೇನಾ ಅಂತ.

—

ಆಟೋ_ವೈರಿಂಗ್ (ದಾವಣಗೆರೆ)

ಸರ್, ನಾನು ಲಾರಿ, ಬಸ್ಸಿನ ವೈರಿಂಗ್ ಕೆಲಸ ಮಾಡುವವನು, 22 ವರ್ಷ ಆಯಿತು. ಈ ಗೇರ್‌ಬಾಕ್ಸ್ ನಾನು ಕಣ್ಣಲ್ಲೂ ನೋಡಿಲ್ಲ. ಆದರೆ ಕರೆಂಟು ದಾವಣಗೆರೆಯಲ್ಲಾದರೂ ಅಷ್ಟೇ ಟೆಕ್ಸಸ್‌ನಲ್ಲಾದರೂ ಅಷ್ಟೇ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಬೀದಿಯಲ್ಲಿ ಐದು ಮನೆ ಇದೆ ಅಂತ ಇಟ್ಟುಕೊಳ್ಳಿ. ಐದೂ ಮನೆಯ ನಲ್ಲಿಯಲ್ಲಿ ಒಂದೇ ನಿಮಿಷಕ್ಕೆ ನೀರು ನಿಂತಿತು, ಹತ್ತು ನಿಮಿಷ ಬಿಟ್ಟು ಐದೂ ಮನೆಗೆ ಒಟ್ಟಿಗೆ ಬಂತು. ನೀವು ಐದು ಹೊಸ ನಲ್ಲಿ ಹಾಕಿಸುತ್ತೀರಾ? ನೀರುಗಂಟಿಯನ್ನು ಹುಡುಕಿಕೊಂಡು ಹೋಗುತ್ತೀರಿ ಅಲ್ವಾ? ಇಲ್ಲೂ ಹಾಗೇ. ಐದು ಸೊಲೆನಾಯ್ಡ್ ಒಂದೇ ಸಲ ಸಾಯುವುದಿಲ್ಲ, ಸತ್ತರೂ ಒಟ್ಟಿಗೆ ಎದ್ದು ಬರುವುದಿಲ್ಲ. ಐದಕ್ಕೂ ಕರೆಂಟ್ ಕೊಡುವ ಒಂದು ವೈರ್ ಇರಲೇಬೇಕು. ಅದು ಯಾವುದು ಅಂತ ಮಿಷಿಗನ್ ಸರ್ ಹೇಳಲಿ. ಆ ವೈರ್ ಸಿಕ್ಕರೆ ಹುಡುಕುವ ದಾರಿ ನಾನು ಹೇಳುತ್ತೇನೆ.

ಬಂದು ಹೋಗುವ ಫಾಲ್ಟ್ ಅನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಹುಡುಕಿದರೆ ಸಿಗುವುದಿಲ್ಲ. ಅದು ಬರುವಾಗ ನೀವು ನೋಡುತ್ತಿರಬೇಕು. ನಾವು ಏನು ಮಾಡುತ್ತೇವೆ ಅಂದರೆ, ಅನುಮಾನ ಇರುವ ವೈರಿನಿಂದ ಒಂದು ಉದ್ದ ವೈರ್ ಎಳೆದು ಒಳಗೆ ಡ್ರೈವರ್ ಮುಂದೆ ಒಂದು ಸಣ್ಣ ಬಲ್ಬ್ ಕಟ್ಟುತ್ತೇವೆ, ಬಲ್ಬಿನ ಇನ್ನೊಂದು ಕಾಲು ಬಾಡಿಗೆ ಅರ್ತ್. ಆಮೇಲೆ ಡ್ರೈವರ್ ತನ್ನ ಪಾಡಿಗೆ ಟ್ರಿಪ್ ಹೋಗುತ್ತಾನೆ. ತೊಂದರೆ ಬಂದ ಕ್ಷಣ ಬಲ್ಬ್ ಉರಿಯುತ್ತಿತ್ತಾ, ಆರಿತ್ತಾ, ಮಂದ ಆಗಿತ್ತಾ, ಅಷ್ಟು ಹೇಳಿದರೆ ಸಾಕು. ಒಂದು ಬಲ್ಬ್ ಫ್ಯೂಸ್ ಹತ್ತಿರದಿಂದ, ಇನ್ನೊಂದು ಗೇರ್‌ಬಾಕ್ಸ್ ಕನೆಕ್ಟರ್ ಹತ್ತಿರದಿಂದ ಕಟ್ಟಿ. ಎರಡೂ ಆರಿದರೆ ಫ್ಯೂಸಿಗಿಂತ ಮೊದಲೇ ಕರೆಂಟ್ ಹೋಗುತ್ತಿದೆ. ಮೊದಲನೇದು ಉರಿದು ಎರಡನೇದು ಆರಿದರೆ ನಡುವಿನ ವೈರ್. ಎರಡೂ ಉರಿಯುತ್ತಿದ್ದು ಗಾಡಿ ಕೆಟ್ಟರೆ ಕನೆಕ್ಟರ್ ಪಿನ್ನು, ಇಲ್ಲವೇ ಅದರಿಂದ ಒಳಗಡೆ.

ಬಲ್ಬೇ ಯಾಕೆ, ಮೀಟರ್ ಯಾಕೆ ಬೇಡ ಅಂತ ಕೇಳಬಹುದು. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬೇಕು. ವೈರಿನ ಎಲ್ಲ ಎಳೆ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಕರೆಂಟ್ ಕೇಳುತ್ತದೆ, ಕೊಡೋಕೆ ಆಗದಿದ್ದರೆ ಮಂಕಾಗುತ್ತದೆ. ನನ್ನ ಗುರುಗಳು ಮೊದಲ ವಾರ ಕಲಿಸಿದ್ದು ಇದನ್ನೇ. ಬಲ್ಬಿನ ವೈರಿಗೆ 2 ಆಂಪಿಯರ್‌ನ ಬೇರೆ ಫ್ಯೂಸ್ ಹಾಕಿ. ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿಗೆ ತೊಂದರೆ ಆಗಬಾರದು.

ಫ್ಯೂಸನ್ನು ಬರೀ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ನಬೇಡಿ. ತೆಗೆದು ಮತ್ತೆ ಹಾಕುವಾಗ ಬಿಗಿ ಇದೆಯಾ ನೋಡಿ. ಹಳೇ ಗಾಡಿಯಲ್ಲಿ ಫ್ಯೂಸ್ ಕೂರುವ ಹಲ್ಲು ಅಗಲ ಆಗಿರುತ್ತದೆ.

—

ಗ್ರೀಸ್_ಕೈ (ಮಿಷಿಗನ್)

ದಾವಣಗೆರೆ ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು. ಐದು ಕೋಡ್ ನೋಡಿ ನನಗೂ ಅದೇ ಅನಿಸಿತು.

ಆ ವೈರ್ ಇದೆ. ಗೇರ್‌ಬಾಕ್ಸಿನ ಬಲಗಡೆ, ಅಂದರೆ ಇಲ್ಲಿನ ಗಾಡಿಯಲ್ಲಿ ಡ್ರೈವರ್ ಪಕ್ಕದವರು ಕೂರುವ ಕಡೆ, ಒಂದು ದೊಡ್ಡ ದುಂಡನೆ ಕನೆಕ್ಟರ್ ಇರುತ್ತದೆ. ಅದರಲ್ಲಿ ಇ ಅನ್ನುವ ಪಿನ್ನಿಗೆ ಬರುವ ಗುಲಾಬಿ ಬಣ್ಣದ ವೈರ್. ಕೀ ಆನ್ ಮಾಡಿದರೆ 12 ವೋಲ್ಟ್ ಬರಬೇಕು. ಐದೂ ಸೊಲೆನಾಯ್ಡ್ ಇದರಿಂದಲೇ ಕುಡಿಯುತ್ತವೆ, ಕಂಪ್ಯೂಟರ್ ಇನ್ನೊಂದು ಬದಿಯಲ್ಲಿ ಅರ್ತ್ ಕೊಟ್ಟು ಬಿಟ್ಟು ಆಡಿಸುತ್ತದೆ. ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್ ಒಂದೇ ಬೇರೆ, ಅದಕ್ಕೆ ಕಂಪ್ಯೂಟರಿನಿಂದ ನೇರ ಸಂಪರ್ಕ. ನೋಡಿ, ನಿಮಗೆ ಬಂದ ಐದು ಕೋಡಿನಲ್ಲಿ ಅದೊಂದರ ಕೋಡ್ ಇಲ್ಲ! ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ?

ನೋಡುವ ಜಾಗ ಮೂರು. ಆ ಕನೆಕ್ಟರ್ ಸೈಲೆನ್ಸರ್ ಪೈಪಿಗೆ ಹತ್ತಿರ ಇದೆ, ಬಿಸಿಗೆ ವೈರ್ ಕರಗಿರಬಹುದು, ಪಿನ್ನಿಗೆ ಆಯಿಲ್ ಹತ್ತಿರಬಹುದು. ಬಿಸಿ ಆರಿದ ಮೇಲೆ ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ಹೋಗಿ, ಬರೀ ಜಾಕ್ ನಂಬಿ ಹೋಗಬೇಡಿ. ಎರಡನೇದು ಫ್ಯೂಸ್. ಮೂರನೇದು ಕೀ ತಿರುಗಿಸುವ ಇಗ್ನಿಷನ್ ಸ್ವಿಚ್. ಆ ಸ್ವಿಚ್ಚಿನ ಒಳಗೆ ಒಂದಲ್ಲ, ಹಲವು ಕಾಂಟ್ಯಾಕ್ಟ್ ಇವೆ. ಒಂದು ಸವೆದರೂ ಉಳಿದವು ಕೆಲಸ ಮಾಡುತ್ತವೆ, ಹಾಗಾಗಿ ಎಂಜಿನ್ ನಿಲ್ಲದೆ ಗೇರ್‌ಬಾಕ್ಸಿಗೆ ಮಾತ್ರ ಕರೆಂಟ್ ತಪ್ಪಬಹುದು. ಒಂದು ಪ್ರಶ್ನೆ: ನಿಮ್ಮ ಕೀ ಗೊಂಚಲು ಎಷ್ಟು ದೊಡ್ಡದಿದೆ?

ಡಲ್ಲಾಸಿನವರೇ, ನಿಮ್ಮ ಭಾವನ ಗಾಡಿಯಲ್ಲಿ ಒಂದೇ ಕೋಡ್ ಬಂದಿತ್ತಾ? ಹಾಗಿದ್ದರೆ ಅಲ್ಲಿ ಸೊಲೆನಾಯ್ಡ್ ಬದಲಾಯಿಸಿದ್ದು ಸರಿಯೇ. ಶಿಫ್ಟ್ ಸೊಲೆನಾಯ್ಡ್ ಅಳೆದರೆ ತಣ್ಣಗಿದ್ದಾಗ 20 ಓಮ್ ಆಸುಪಾಸು ಬರಬೇಕು, ಆ ದುಂಡನೆ ಕನೆಕ್ಟರಿನಿಂದಲೇ ಅಳೆಯಬಹುದು, ಚೇಂಬರ್ ಬಿಚ್ಚಬೇಕಿಲ್ಲ.

—

ಡಲ್ಲಾಸ್_ಡ್ರೈವರ್

ಕೇಳಿದೆ. ಅವರಿಗೆ ಬಂದಿದ್ದು ಪಿ0758 ಒಂದೇ ಅಂತೆ. ಸರಿ, ಇದು ಬೇರೆ ಕೇಸು, ನನ್ನ ಸಲಹೆ ಬಿಟ್ಟುಬಿಡಿ.

—

ಕೋಲಾರದಿಂದ_ಕ್ಯಾರಿಗೆ (ನಾರ್ತ್ ಕೆರೊಲಿನಾ)

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಗೇರ್‌ಬಾಕ್ಸ್, 2003ರ ಗಾಡಿ. ಹೈವೇಯಲ್ಲಿ ಬಿಸಿಯಾದ ಮೇಲೆ ಆರ್‌ಪಿಎಂ ತಾನಾಗೇ 200, 300 ಏರುತ್ತದೆ ಇಳಿಯುತ್ತದೆ, ಆಮೇಲೆ ಒಂದನೇ ಗೇರಿಂದ ಎರಡನೇದಕ್ಕೆ ಹೋಗುವಾಗ ಜೋರಾಗಿ ಹೊಡೆಯುತ್ತದೆ. ಪಿ1870 ಅಂತ ಒಂದೇ ಕೋಡ್. ನಾನೂ ಬಲ್ಬ್ ಕಟ್ಟಲಾ?

—

ಗ್ರೀಸ್_ಕೈ (ಮಿಷಿಗನ್)

ನಿಮ್ಮದು ವೈರಿಂಗ್ ಅಲ್ಲ ಸರ್, ಬಲ್ಬ್ ಕಟ್ಟಿ ಪ್ರಯೋಜನ ಇಲ್ಲ. ಪಿ1870 ಅಂದರೆ ಜಾರುತ್ತಿದೆ ಅಂತ ಕಂಪ್ಯೂಟರ್ ನಿಜವಾಗಿ ಅಳೆದು ಹೇಳುತ್ತಿದೆ. ಸಾಮಾನ್ಯವಾಗಿ ವಾಲ್ವ್ ಬಾಡಿಯಲ್ಲಿ (ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್‌ಗಳಿರುವ ಭಾಗ) ಕನ್ವರ್ಟರ್ ಲಾಕ್ ಮಾಡುವ ವಾಲ್ವ್ ಓಡಾಡುವ ರಂಧ್ರ ಸವೆದಿರುತ್ತದೆ. ಬಿಸಿಯಾಗಿ ಆಯಿಲ್ ತೆಳ್ಳಗಾದರೆ ಅಲ್ಲಿ ಸೋರುತ್ತದೆ, ಲಾಕ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಕೋಡ್ ಬಂದ ಮೇಲೆ ಒತ್ತಡ ಏರಿಸುವುದರಿಂದ ಗೇರ್ ಹೊಡೆಯುತ್ತದೆ. ವಾಲ್ವ್ ಬಾಡಿ ರಿಪೇರಿ ಮಾಡಿಸಬೇಕು. ಅದು ಕೂಡ ಕೆಳಗಿನಿಂದ ಆಗುವ ಕೆಲಸ. ಆದರೆ ತುಂಬಾ ದಿನ ಹಾಗೇ ಓಡಿಸಿದ್ದರೆ ಕನ್ವರ್ಟರ್ ಒಳಗಿನ ಕ್ಲಚ್ಚೂ ಸವೆದಿರಬಹುದು, ತಡ ಮಾಡಬೇಡಿ. ಬೇರೆ ಪ್ರಶ್ನೆಯಾಗಿ ವಿವರವಾಗಿ ಬರೆಯಿರಿ, ಉತ್ತರಿಸುತ್ತೇನೆ.

—

ಹಳೇ_ಪಿಕಪ್ (ಆಸ್ಟಿನ್, ಟೆಕ್ಸಸ್)

ಹನ್ನೆರಡು ದಿನ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಮೊದಲು ಕನೆಕ್ಟರ್ ನೋಡಿದೆ. ಧೂಳು ಬಿಟ್ಟರೆ ಒಳಗೆ ಒಣಗಿತ್ತು, ಪಿನ್ನು ಹೊಳೆಯುತ್ತಿತ್ತು, ವೈರ್ ಎಲ್ಲೂ ಕರಗಿಲ್ಲ. ಫ್ಯೂಸೂ ಬಿಗಿಯಾಗಿತ್ತು. ದಾವಣಗೆರೆ ಅಣ್ಣ ಹೇಳಿದ ಹಾಗೆ ಎರಡು ಬಲ್ಬ್ ಕಟ್ಟಿದೆ, ಎರಡಕ್ಕೂ 2 ಆಂಪಿಯರ್ ಫ್ಯೂಸ್ ಹಾಕಿದೆ. ಒಂದಕ್ಕೆ ಹಳದಿ ಟೇಪು, ಅದು ಫ್ಯೂಸಿನದು. ಇನ್ನೊಂದಕ್ಕೆ ಕೆಂಪು, ಅದು ಗುಲಾಬಿ ವೈರಿನದು. ನನ್ನ ಮಗಳು ನೋಡಿ ಬಾವುಟದ ಬಣ್ಣ ಅಂದಳು, ನಾನು ಹಾಗೆ ಅಂದುಕೊಂಡೇ ಇರಲಿಲ್ಲ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಅದೇ ರೈಲ್ವೆ ಹಳಿ. ದಾಟುವಾಗ ಎರಡೂ ಬಲ್ಬ್ ಒಟ್ಟಿಗೆ ಪಟ್ ಅಂತ ಆರಿದವು. ಅರೆ ಕ್ಷಣದಲ್ಲಿ ಮತ್ತೆ ಹತ್ತಿಕೊಂಡವು, ಆದರೆ ಅಷ್ಟರಲ್ಲಿ ಗೇರ್ ಸಿಕ್ಕಿಕೊಂಡಾಗಿತ್ತು. ಮೂರು ವಾರ ಕಾಣದೆ ಕಾಡಿದ್ದು ಕಣ್ಣೆದುರೇ ಕಂಡಾಗ ಆದ ಸಮಾಧಾನ ಹೇಳೋಕಾಗಲ್ಲ. ಎರಡೂ ಆರಿದರೆ ಫ್ಯೂಸಿಗಿಂತ ಮೊದಲು ಅಂತ ಅಣ್ಣ ಬರೆದಿದ್ದರು. ಪಕ್ಕದ ಪಾರ್ಕಿಂಗ್‌ಗೆ ಹೋಗಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಕೀಯನ್ನು ತಿರುಗಿಸದೆ ಹಾಗೇ ಮೆಲ್ಲಗೆ ಅಲ್ಲಾಡಿಸಿದೆ. ಬಲ್ಬ್ ಎರಡೂ ಮಿಣಮಿಣ ಅಂದವು. ಎಂಜಿನ್ ಸ್ವಲ್ಪವೂ ತಡವರಿಸಲಿಲ್ಲ.

ಕೀ ಗೊಂಚಲಿನ ಪ್ರಶ್ನೆಗೆ ಉತ್ತರ: ಮನೆ ಕೀ, ಕೂಟದ ಗೋಡೌನ್ ಕೀ ನಾಲ್ಕು, ಟ್ರೇಲರ್ ಬೀಗ, ಒಂದು ಹಿತ್ತಾಳೆ ಗಣಪತಿ. ತೂಕ ಚೆನ್ನಾಗಿಯೇ ಇತ್ತು. ಗುಂಡಿ ಬಿದ್ದಾಗಲೆಲ್ಲ ಜೋಲಾಡುತ್ತಿತ್ತು.

ಸ್ವಿಚ್ ಬದಲಾಯಿಸಿದ್ದು ನಾನಲ್ಲ. ಸ್ಟಿಯರಿಂಗ್ ಹತ್ತಿರ ಏರ್‌ಬ್ಯಾಗ್ ಇರುವುದರಿಂದ ಕೈ ಹಾಕೋಕೆ ಧೈರ್ಯ ಆಗಲಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಕೆಲಸ ಶುರು ಮಾಡಿದರು. ಸ್ವಿಚ್ಚು, ಕೂಲಿ ಸೇರಿ 210 ಡಾಲರ್. ಹಳೇ ಸ್ವಿಚ್ ಬಿಚ್ಚಿ ತೋರಿಸಿದರು, ಒಂದು ಕಾಂಟ್ಯಾಕ್ಟ್ ಸುಟ್ಟು ಕಪ್ಪಗಾಗಿತ್ತು, ಉಳಿದವು ಚೆನ್ನಾಗಿದ್ದವು.

ಒಂದು ವಾರದಿಂದ ಬೇಕಂತಲೇ ಆ ಹಳಿ ಮೇಲೆ ದಿನಕ್ಕೆ ಎರಡು ಸಲ ಹೋಗುತ್ತಿದ್ದೇನೆ. ಬಲ್ಬ್ ಆರಿಲ್ಲ. 60 ಮೈಲಿಗೆ ಮತ್ತೆ 1,750.

—

ಆಟೋ_ವೈರಿಂಗ್ (ದಾವಣಗೆರೆ)

ತುಂಬಾ ಖುಷಿಯಾಯಿತು ಸರ್. ಒಂದು ಮಾತು ಕೇಳಿ. ಕಾಂಟ್ಯಾಕ್ಟ್ ಸುಟ್ಟಿದೆ ಅಂದಿರಿ. ಗೊಂಚಲಿನ ಭಾರಕ್ಕೆ ಸಡಿಲ ಆಗಿ ಕಿಡಿ ಹಾರಿ ಸುಟ್ಟಿರಬಹುದು. ಆದರೆ ಆ ಲೈನಿನಲ್ಲಿ ಹಿಂದಿನ ಯಜಮಾನರು ಏನಾದರೂ ಹೆಚ್ಚುವರಿ ಜೋಡಿಸಿದ್ದರೆ, ಲೈಟು, ಆಂಪ್ಲಿಫೈಯರ್ ಅಂತ, ಹೊಸ ಸ್ವಿಚ್ಚೂ ಸುಡುತ್ತದೆ. ಡ್ಯಾಶ್ ಕೆಳಗೆ ಕಂಪನಿಯದಲ್ಲದ ವೈರ್ ಏನಾದರೂ ಇದೆಯಾ ಒಮ್ಮೆ ನೋಡಿ. ಗಣಪತಿಯನ್ನು ಡ್ಯಾಶ್ ಮೇಲೆ ಕೂರಿಸಿ, ಕೀಗೆ ಬೇಡ.

—

ಹಳೇ_ಪಿಕಪ್ (ಆಸ್ಟಿನ್, ಟೆಕ್ಸಸ್)

ಅಣ್ಣ, ನೋಡಿದೆ. ಟ್ರೇಲರ್ ಬ್ರೇಕಿಗೆ ಅಂತ ಯಾರೋ ಹಿಂದೆ ಹಾಕಿದ್ದ ಪೆಟ್ಟಿಗೆಯ ವೈರ್ ಒಂದು, ಸ್ವಿಚ್ಚಿನಿಂದ ಬರುವ ಲೈನಿಗೇ ಸುತ್ತಿ ಟೇಪ್ ಹಾಕಿದ್ದರು. ನಾನು ಆ ಪೆಟ್ಟಿಗೆ ಬಳಸುವುದೇ ಇಲ್ಲ. ಮೆಕ್ಯಾನಿಕ್ ಹತ್ತಿರ ಅದನ್ನು ಬಿಡಿಸಿ ಆ ಜಾಗ ಬೆಸುಗೆ ಹಾಕಿಸಿದೆ. ನೀವು ಹೇಳದಿದ್ದರೆ ನಾನು ಅಲ್ಲಿ ಬಗ್ಗಿ ನೋಡುತ್ತಲೇ ಇರಲಿಲ್ಲ.

ಈಗ ಕೀ ಒಂದೇ ನೇತಾಡುತ್ತದೆ. ಹಳದಿ ಬಲ್ಬ್, ಕೆಂಪು ಬಲ್ಬ್ ಎರಡನ್ನೂ ಇನ್ನೂ ಬಿಚ್ಚಿಲ್ಲ. ರಾಜ್ಯೋತ್ಸವದ ಸಾಮಾನು ಹಾಲ್‌ಗೆ ಇಳಿಸಿ, ರಾತ್ರಿ ವಾಪಸ್ ಗೋಡೌನ್‌ಗೆ ತಂದು ಹಾಕಿದ ಮೇಲೆ ಬಿಚ್ಚುತ್ತೇನೆ.